ಕ್ವಾಲಾಲಂಪುರದಲ್ಲಿ ಅಮ್ಮ ತೊಳೆದ ಬಚ್ಚಲು

ಕಳೆದ ವಾರ ಮಾರತ್ತಹಳ್ಳಿಯ ನಮ್ಮ ಆಫೀಸಿನಲ್ಲಿ ಏಸಿಯಿಂದ ನೀರು ತೊಟ್ಟಿಕ್ಕಿ ಮೀಟಿಂಗ್ ರೂಮಿನ ಕಾರ್ಪೆಟ್ಟು ನೆನೆದಿತ್ತು. ಒದ್ದೆ ಕಾರ್ಪೆಟ್ಟಿನ ವಾಸನೆ ನಿಮಗೂ ಗೊತ್ತಿರಬಹುದು; ಒಣಗದ ಸಾಕ್ಸು, ಹಳೆಯ ಗೋಣಿಚೀಲ, ಎರಡೂ ಸೇರಿದ ಹಾಗೆ. ಉಳಿದವರು ಮೂಗು ಮುಚ್ಚಿಕೊಂಡು ಬೇರೆ ರೂಮು ಹುಡುಕಿದರು. ನಾನು ಮಾತ್ರ ನನ್ನ ಫೋನಿನ ಕಡೆ ನೋಡಿದೆ. ಈಗ ಯಾರೋ ಫೋನು ಮಾಡಿ ನನ್ನನ್ನು ಕೆಳಗೆ ಕರೆಯುತ್ತಾರೆ ಎನ್ನಿಸಿತು.

ಎರಡು ವರ್ಷದ ಹಿಂದೆ ಅಪ್ಪ ಅಮ್ಮನನ್ನು ಕ್ವಾಲಾಲಂಪುರಕ್ಕೆ ಕರೆದುಕೊಂಡು ಹೋಗಿದ್ದೆ. ಕೃಷ್ಣರಾಜಪುರದಲ್ಲೇ ಹುಟ್ಟಿ ಬೆಳೆದ ಅಪ್ಪನಿಗೂ, ಹಲಸೂರಿನಿಂದ ಮದುವೆಯಾಗಿ ಅಲ್ಲಿಗೆ ಬಂದ ಅಮ್ಮನಿಗೂ ಅದು ಮೊದಲ ವಿದೇಶ ಪ್ರಯಾಣ. ಟಿಕೆಟ್ಟು, ಹೋಟೆಲು, ಓಡಾಟ ಎಲ್ಲವೂ ನನ್ನ ತಲೆಯ ಮೇಲೆ. ನಾನು ಎಂಥವಳೆಂದರೆ, ಪಾಸ್‌ಪೋರ್ಟುಗಳ ಜೆರಾಕ್ಸನ್ನು ಮೂರು ಕಡೆ ಇಟ್ಟು, ಆ ಮೂರು ಕಡೆ ಯಾವುವು ಎಂದು ನಾಲ್ಕನೆಯ ಕಡೆ ಬರೆದಿಟ್ಟುಕೊಂಡಿದ್ದೆ.

ಹೋಟೆಲು ಅಗ್ಗದ್ದು. ಫೋಟೋದಲ್ಲಿ ವಿಶಾಲವಾಗಿ ಕಂಡ ರೂಮು, ಮೂರು ಮಂಚ ಹಾಕಿದ ಮೇಲೆ ಉಳಿದ ಓಣಿಯಷ್ಟೇ ಆಗಿತ್ತು. ಸೂಟ್‌ಕೇಸು ತೆರೆಯಬೇಕಾದರೆ ಇಬ್ಬರು ಮಂಚ ಹತ್ತಬೇಕು. ಬಾಗಿಲ ಹಿಂದೆ ಅಂಟಿಸಿದ್ದ ನಿಯಮಗಳ ಪಟ್ಟಿಯನ್ನು ಓದಿದವಳು ನಾನೊಬ್ಬಳೇ, ಅದೂ ಎರಡು ಸಲ. ಇಲ್ಲಿಂದ ಹೊರಡುವವರೆಗೆ ನಮ್ಮ ಬಗ್ಗೆ ಯಾರೂ ಒಂದು ಮಾತು ಆಡಬಾರದು, ನನಗೆ ಅಷ್ಟೇ ಬೇಕಿತ್ತು.

ಎರಡನೆಯ ದಿನ ಶುಕ್ರವಾರ. ನಮ್ಮ ಮನೆಯಲ್ಲಿ ಶುಕ್ರವಾರ ಬೆಳಿಗ್ಗೆ ಮೊದಲು ಬಚ್ಚಲು ತೊಳೆಯಬೇಕು, ಆಮೇಲೆ ತಲೆಸ್ನಾನ, ಆಮೇಲೆ ದೇವರಿಗೆ ಕೈಮುಗಿಯುವುದು. ತಿಂಡಿ ಎಲ್ಲಿ ಸಿಗುತ್ತದೆಂದು ನಾನು ನೋಡಿಕೊಂಡು ಬರುವಷ್ಟರಲ್ಲಿ ಅಮ್ಮ ಮೊದಲನೆಯದನ್ನು ಮುಗಿಸಿದ್ದಳು. ಬಕೆಟ್ಟು ಇರಲಿಲ್ಲವಾದ್ದರಿಂದ ಕಸದ ಡಬ್ಬಿಯನ್ನೇ ಶಾಂಪೂ ಹಾಕಿ ಉಜ್ಜಿ, ಅದರಲ್ಲಿ ನೀರು ಹಿಡಿದು, ಗೋಡೆಯಿಂದ ಗೋಡೆಗೆ ಎರಚಿದ್ದಳು. ಆದರೆ ಆ ಬಾತ್‌ರೂಮಿನಲ್ಲಿ ನೀರು ಹೋಗುವ ತೂಬು ಇದ್ದದ್ದು ಶವರಿನ ಗಾಜಿನ ಗೂಡಿನೊಳಗೆ ಮಾತ್ರ. ಹೊರಗೆ ಬಿದ್ದ ನೀರೆಲ್ಲ ಬಾಗಿಲ ಕೆಳಗೆ ನುಸುಳಿ ಕಾರ್ಪೆಟ್ಟಿಗೆ ಇಳಿದಿತ್ತು.

"ಏನಮ್ಮಾ ಇದು!"

"ಯಾರ್ಯಾರು ನಿಂತು ಹೋಗಿರ್ತಾರೋ ಏನೋ, ತೊಳೀದೆ ಹೆಂಗೆ ಸ್ನಾನ ಮಾಡೋದು?" ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡಿದ್ದಳು. "ನೀರು ಹೋಗೋಕೆ ದಾರೀನೇ ಇಟ್ಟಿಲ್ವಲ್ಲೇ! ಇದನ್ನ ಕಟ್ಟಿದ ಮೇಸ್ತ್ರಿ ಯಾವನು?"

ಮಂಚದ ಮೇಲೆ ಕಾಲು ಮಡಚಿ ಕೂತಿದ್ದ ಅಪ್ಪ, "ಬಿಡೇ, ನಮ್ಮೂರ ಕೆರೆ ಕೋಡಿ ಬಿದ್ದಿದ್ದು ನೋಡಿ ಎಷ್ಟು ವರ್ಷ ಆಗಿತ್ತು. ಇಲ್ಲಾದ್ರೂ ನೋಡಿದ್ವಿ" ಎಂದರು.

ಇದ್ದ ಟವೆಲ್ಲುಗಳನ್ನೆಲ್ಲ ಹಾಸಿ ಒತ್ತುತ್ತಿರುವಾಗ ರಿಸೆಪ್ಷನ್ನಿನಿಂದ ಫೋನು ಬಂತು. ಕೆಳಗಿನ ಮಹಡಿಯ ಚಾವಣಿಯಿಂದ ನೀರು ತೊಟ್ಟಿಕ್ಕುತ್ತಿದೆ, ನಿಮ್ಮ ರೂಮಿನಲ್ಲಿ ಏನಾಗಿದೆ? ಈಗಲೇ ಬಂದು ಹೇಳುತ್ತೇನೆ ಎಂದು ಲಿಫ್ಟಿಗೆ ಓಡಿದೆ. ಅಮ್ಮ ಸೆರಗು ಸರಿಮಾಡಿಕೊಂಡು ಹಿಂದೆಯೇ ಬಂದಳು.

ರಿಸೆಪ್ಷನ್ನಿನಲ್ಲಿ ಹಣೆಗೆ ಬೊಟ್ಟಿಟ್ಟ, ನನ್ನದೇ ವಯಸ್ಸಿನ ಹುಡುಗಿ ಇದ್ದಳು. ಅವಳ ಪ್ರಶ್ನೆ ಮುಗಿಯುವ ಮೊದಲೇ ನಾನು ಇಂಗ್ಲಿಷಿನಲ್ಲಿ, ಶವರಿನ ಪೈಪು ಸೋರುತ್ತಿದೆ, ನಿನ್ನೆಯಿಂದಲೇ ಸೋರುತ್ತಿರಬೇಕು ಎಂದುಬಿಟ್ಟೆ. ಓದಿದ ವಿದ್ಯೆಯೆಲ್ಲ ಆ ವಾಕ್ಯದ ನೆರವಿಗೆ ಬಂತು. ಒಂದು ತೊದಲೂ ಇಲ್ಲ.

ಹುಡುಗಿ ನನ್ನ ಕ್ಷಮೆ ಕೇಳಿ, ಮಾಪು ಹಿಡಿದು ನಿಂತಿದ್ದ ಕೆಲಸದಾಕೆಯ ಮೇಲೆ ತಮಿಳಿನಲ್ಲಿ ಹರಿಹಾಯ್ದಳು. ನಿನ್ನೆ ಆ ರೂಮು ನೋಡಿದ್ದು ನೀನೇ ಅಲ್ಲವೇ, ಸೋರುವುದು ಕಾಣಲಿಲ್ಲವೇ, ಈ ಸಲ ಮ್ಯಾನೇಜರಿಗೆ ಹೇಳಿಯೇ ಹೇಳುತ್ತೇನೆ, ಕೆಲಸ ಹೋದರೆ ನನ್ನನ್ನು ಕೇಳಬೇಡ. ಆಕೆಗೆ ಹೆಚ್ಚುಕಡಿಮೆ ಅಮ್ಮನ ವಯಸ್ಸು. ನಾನು ನೋಡಿದಾಗ ಸರಿಯಾಗಿತ್ತು ಎಂದಷ್ಟೇ ಹೇಳುತ್ತಿದ್ದಳು. ನನಗೆ ಪ್ರತಿ ಮಾತೂ ಅರ್ಥವಾಯಿತು. ಹಲಸೂರಿನ ಅಜ್ಜಿ ಮನೆ ಬೀದಿಯಲ್ಲಿ ರಜೆ ಕಳೆದವರಿಗೆ ತಮಿಳು ಬಾರದೆ ಇರುತ್ತದೆಯೇ? ಬಾಯಿ ತೆರೆಯಬೇಕು ಎಂದುಕೊಂಡೆ. ಎಂದುಕೊಳ್ಳುತ್ತಲೇ ನಿಂತೆ.

ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿದಳು. "ಪೈಪ್ ಇಲ್ಲಮ್ಮಾ. ನಾನ್‌ದಾ ತಣ್ಣಿ ಊತ್ತಿ ಕಳುವಿನೇನ್." ನೀರು ಹೊಯ್ದು ತೊಳೆದವಳು ನಾನೇ, ಆಕೆಯನ್ನು ಬೈಯಬೇಡ. ಹುಡುಗಿ ಅಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು. ಆ ಎರಡನೆಯ ನೋಟವನ್ನು ಬರೆಯುವುದು ನನ್ನಿಂದಾಗದು. ನಾನು ಹೆದರಿದ್ದ ಹಾಗೆ ಯಾರೂ ನಮ್ಮನ್ನು ಹೊರಗೆ ಹಾಕಲಿಲ್ಲ. ಅಮ್ಮನೂ ಕೆಲಸದಾಕೆಯೂ ಒಟ್ಟಿಗೆ ಮೇಲೆ ಹೋಗಿ, ಹಲಸೂರಿನ ಮಾರ್ಕೆಟ್ಟಿನಲ್ಲಿ ಸಿಕ್ಕ ಹಳೆಯ ಪರಿಚಯದವರ ಹಾಗೆ ಮಾತಾಡಿಕೊಂಡು ರೂಮು ಒರೆಸಿದರು. ನನ್ನ ಕೈಗೆ ಮಾಪು ಕೊಡಲಿಲ್ಲ. ಸುಳ್ಳಿನ ಬಗ್ಗೆ ಅಮ್ಮ ಅಂದು ಏನೂ ಕೇಳಲಿಲ್ಲ, ವಾಪಸು ಬರುವಾಗ ವಿಮಾನದಲ್ಲೂ ಕೇಳಲಿಲ್ಲ.

ಊರಿಗೆ ಬಂದ ಮೇಲೆ ಅದು ಅಮ್ಮನ ಕಥೆಯಾಯಿತು. ನೆಂಟರು ಸೇರಿದಲ್ಲೆಲ್ಲ ಹೇಳುತ್ತಾಳೆ. ಕಸದ ಡಬ್ಬಿ, ಮೇಸ್ತ್ರಿ, ಅಪ್ಪನ ಕೆರೆ. ಆಗೆಲ್ಲ ನಾನು ತಟ್ಟೆ ನೋಡುತ್ತ ಕಾಯುತ್ತೇನೆ, ಈಗ ಪೈಪಿನ ಮಾತು ಬಂತು, ಈಗ ಬಂತು ಎಂದು. ಅಮ್ಮ ಮಾತ್ರ ಲಿಫ್ಟಿನಿಂದ ಇಳಿದವಳೇ ನೇರ ತನ್ನ ತಮಿಳಿಗೆ ಹೋಗುತ್ತಾಳೆ. ನಡುವಿನ ನನ್ನ ವಾಕ್ಯವನ್ನು, ಹೊಸಿಲ ಮುಂದಿನ ರಂಗೋಲಿ ತುಳಿಯದೆ ದಾಟುವ ಹಾಗೆ, ದಾಟಿಬಿಡುತ್ತಾಳೆ. ಬಚಾವಾದೆ ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಮುಂದಿನ ಸಲದವರೆಗೆ ವಾಯಿದೆ ಸಿಕ್ಕಿತು ಎನ್ನಿಸುತ್ತದೆ.

ಮೊನ್ನೆ ಭಾನುವಾರ ದೊಡ್ಡಮ್ಮನ ಮನೆಯ ಊಟದಲ್ಲಿ ಮತ್ತೆ ಅದೇ ಕಥೆ. "ನೀನಾಗೇ ಯಾಕೆ ಹೋಗಿ ಒಪ್ಕೊಂಡೆ? ನಲ್ಲಿ ಸೋರ್ತು ಅಂದಿದ್ರೆ ಮುಗೀತಿತ್ತಪ್ಪ" ಎಂದು ದೊಡ್ಡಮ್ಮ ನಕ್ಕರು. ಅಮ್ಮ ಸಾರು ಬಡಿಸಿಕೊಂಡಳು.

"ನಾನು ಹಂಗೇ ಅಂದಿದ್ದೆ ದೊಡ್ಡಮ್ಮ" ಎಂದೆ. "ಪೈಪ್ ಸೋರ್ತಿದೆ ಅಂತ. ಪಾಪ, ಆ ಕ್ಲೀನ್ ಮಾಡೋರಿಗೆ ಬೈಗುಳ ಬಿತ್ತು. ಅದಕ್ಕೇ ಅಮ್ಮ ಒಪ್ಕೊಂಡಿದ್ದು."

ಯಾರೂ ನಗಲಿಲ್ಲ. ಅಮ್ಮ ಒಂದು ಗಳಿಗೆ ನನ್ನನ್ನೇ ನೋಡಿದಳು.

"ಸದ್ಯ" ಎಂದಳು. "ಇಷ್ಟು ದಿನ ಕಥೆ ಹೇಳ್ತಾ ಅಲ್ಲಿಗೆ ಬಂದಾಗೆಲ್ಲ ನಂಗೆ ಭಯ ಆಗೋದು, ನಿನ್ನ ಪೈಪಿನ ಮಾತು ಎಲ್ಲಿ ಬಾಯಿತಪ್ಪಿ ಬಂದ್ಬಿಡುತ್ತೋ ಅಂತ." ಆಮೇಲೆ ಸಾರಿನ ಪಾತ್ರೆಯನ್ನು ನನ್ನ ಕಡೆ ತಳ್ಳಿ, "ಇನ್ಮೇಲೆ ಆ ಭಾಗ ನೀನೇ ಹೇಳ್ಕೋ" ಎಂದಳು.