ಅಂಗೈ ತೋರಿಸಿ ಕಣ್ಣು ಮುಚ್ಚಿದವಳು

ಅಮೆರಿಕದ ರೀನೋ ಊರಿನ ಕ್ಯಾಸಿನೊಗಳಲ್ಲಿ ಇಸ್ಪೀಟು ಹಂಚುವ ನಮ್ಮಂಥವರಿಗೆ ಸ್ವಂತ ಮೂಗು ತುರಿಸಿಕೊಳ್ಳುವ ಸ್ವಾತಂತ್ರ್ಯವೂ ಇಲ್ಲ. ಮೊದಲು ಮೆಲ್ಲಗೆ ಚಪ್ಪಾಳೆ ತಟ್ಟಬೇಕು, ಅಂಗೈ ಮುಂಗೈ ತಿರುಗಿಸಿ ಚಾವಣಿಯ ಕ್ಯಾಮೆರಾಕ್ಕೆ ತೋರಿಸಬೇಕು. ಬೆರಳ ಸಂದಿಯಲ್ಲಿ ಜೂಜಿನ ಬಿಲ್ಲೆ ಅಡಗಿಸಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ.

ಇದನ್ನು ನನಗೆ ಕಲಿಸಿದವಳು ವರ್ನಾ. ಗಂಡ ಆರ್ವಿಲ್ ಸತ್ತಾಗಲೂ ಹನಿ ಕಣ್ಣೀರು ಹಾಕದ ಗಟ್ಟಿ ಹೆಂಗಸು. ಅಂಥವಳಿಗೆ ಕಳೆದ ಚಳಿಗಾಲದಿಂದ ಕಣ್ಣು ಕೆಂಡವಾಗಿ ನೀರು ಧಾರಾಕಾರ ಸುರಿಯತೊಡಗಿತು. ಒರೆಸಿಕೊಳ್ಳಬೇಕೆಂದರೆ ಚಪ್ಪಾಳೆ, ಅಂಗೈ, ಮತ್ತೆ ಚಪ್ಪಾಳೆ. ಆಟ ನಿಲ್ಲುತ್ತಿತ್ತು. ಅಳುವವಳ ಕೈಯ ಎಲೆ ದರಿದ್ರ ಎಂದು ಆಟಗಾರರು ಪಕ್ಕದ ಮೇಜಿಗೆ ಎದ್ದು ಹೋಗುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೋತವರಿಗೂ ಒಂದು ನೆಪ ಬೇಕು.

ಮೇಲ್ವಿಚಾರಕ ಡೆಲ್ಬರ್ಟ್ ಕೊನೆಗೊಂದು ದಿನ ಅವಳನ್ನು ಪಕ್ಕಕ್ಕೆ ಕರೆದ. "ಆರ್ವಿಲ್‌ಗೋಸ್ಕರ ಮನೇಲಿ ಅತ್ಕೋ ತಾಯಿ. ಹೀಗೇ ಆದ್ರೆ ನಿನ್ನನ್ನ ಗಿರಾಕಿಗಳ ಕೋಟು ಕಾಯೋ ಕೌಂಟರಿಗೆ ಹಾಕ್ಬೇಕಾಗತ್ತೆ."

"ಅಳ್ತಿಲ್ಲ ಕಣೋ, ಉರೀತಿದೆ."

ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ. ಮೇಜು ಬಿಟ್ಟರೆ ಅವಳಿಗೆ ಬೇರೆ ಬದುಕಿರಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ಕೆಂಪು ತೆಗೆಯುವ ಹನಿ ಮದ್ದು ಸುರಿದುಕೊಳ್ಳುತ್ತಿದ್ದಳು. ತಾಸು ಹೊತ್ತು ಬೆಳ್ಳಗಿದ್ದ ಕಣ್ಣು ಮತ್ತೆ ಇನ್ನಷ್ಟು ಕೆಂಪಾಗುತ್ತಿತ್ತು. ನೋಡಿ ನೋಡಿ ಸಾಕಾಗಿ ನಾನೇ ಡಾಕ್ಟರ ಹತ್ತಿರ ಎಳೆದೊಯ್ದೆ.

ಕಣ್ಣಿನ ಡಾಕ್ಟರು ಸಾವಕಾಶವಾಗಿ ನೋಡಿ, "ನಿಮ್ಮ ಕಣ್ಣು ಒಣಗಿದೆ" ಎಂದರು.

ವರ್ನಾ ನಕ್ಕುಬಿಟ್ಟಳು. "ದಿನಕ್ಕೊಂದು ಬಕೆಟ್ ನೀರು ಸುರೀತಿದೆ, ಒಣಗಿದೆ ಅಂತೀರಲ್ಲ!"

"ಒಣಗಿ ಉರಿಯೋದಕ್ಕೇ ಆ ನೀರು. ರೆಪ್ಪೆ ಅಂಚಲ್ಲಿ ಎಣ್ಣೆ ಬರೋ ದಾರಿ ಕಟ್ಟಿದೆ. ಎಣ್ಣೆ ಇಲ್ದೆ ಕಣ್ಣಲ್ಲಿ ಪಸೆ ಉಳಿಯಲ್ಲ, ಆರಿಹೋಗತ್ತೆ. ಮೇಲೆ ಈ ಊರಿನ ಒಣ ಹವೆ, ಸಿಗರೇಟು ಹೊಗೆ, ಆ ಕೆಂಪು ತೆಗೆಯೋ ಮದ್ದು ಬೇರೆ. ಅಂದ ಹಾಗೆ, ನೀವು ರೆಪ್ಪೆ ಮಿಟುಕಿಸೋದೇ ಇಲ್ವಲ್ಲ?"

ಹೇಗೆ ಮಿಟುಕಿಸಿಯಾಳು? ಎಲೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದೇ ನಮ್ಮ ಕಸುಬು.

ಆ ಮದ್ದು ಕಸಕ್ಕೆ ಹೋಯಿತು. ಬೆಳಿಗ್ಗೆ ಸಂಜೆ ಮುಚ್ಚಿದ ರೆಪ್ಪೆಯ ಮೇಲೆ ಬಿಸಿಬಟ್ಟೆ, ಆಮೇಲೆ ಅಂಚನ್ನು ನಯವಾಗಿ ತೊಳೆಯುವುದು, ಕೆಡದಂತೆ ಬೆರೆಸುವ ರಾಸಾಯನಿಕವಿಲ್ಲದ ಬೇರೆ ಹನಿ, ಎಲ್ಲಕ್ಕಿಂತ ಹೆಚ್ಚಾಗಿ ಪೂರ್ತಿ ಕಣ್ಣು ಮುಚ್ಚಿ ತೆರೆಯುವ ಅಭ್ಯಾಸ. ಪೂರ್ತಿ ವಾಸಿಯಾಗುವುದಲ್ಲ, ಹತೋಟಿಯಲ್ಲಿಡಬೇಕು ಎಂದಿದ್ದರು ಡಾಕ್ಟರು. "ಇನ್ನೊಂದು ಚಾಕರಿ" ಎಂದು ನಿಟ್ಟುಸಿರಿಟ್ಟಳು ವರ್ನಾ. ಮಿಟುಕಿಸುವುದು ಮರೆತುಹೋಗುತ್ತದೆಂದು ಅವಳೇ ಒಂದು ಉಪಾಯ ಹೂಡಿದಳು: ಚಪ್ಪಾಳೆ ತಟ್ಟಿ ಅಂಗೈ ತೋರಿಸುವಾಗಲೆಲ್ಲ ಕಣ್ಣು ಗಟ್ಟಿಯಾಗಿ ಮುಚ್ಚುವುದು.

ವಸಂತ ಬರುವಷ್ಟರಲ್ಲಿ ನೀರು ನಿಂತಿತು. ಆಟಗಾರರೂ ಮರಳಿದರು. ನನಗಂತೂ ಹಬ್ಬ.

ಆಗ ಡೆಲ್ಬರ್ಟ್ ಮತ್ತೆ ಬಂದ. "ಚಪ್ಪಾಳೆ ಹೊಡೆದಾಗೆಲ್ಲ ಕಣ್ಣು ಮುಚ್ತೀಯಂತೆ. ಆಟಗಾರರಿಗೆ ಸನ್ನೆ ಮಾಡ್ತಿದೀಯ ಅಂತ ಕ್ಯಾಮೆರಾದವರಿಗೆ ಅನುಮಾನ. ಅದೊಂದು ಬಿಟ್ಬಿಡು."

"ಬಿಟ್ರೆ ಮತ್ತೆ ನೀರು ಬರತ್ತೆ."

"ನಾನೇನ್ ಮಾಡ್ಲಿ? ಮೇಲಿನೋರ ಮಾತು."

"ಅತ್ರೂ ತಪ್ಪು, ಅಳದಿದ್ರೂ ತಪ್ಪು. ಇಷ್ಟು ವರ್ಷ ನಿಮಗೋಸ್ಕರ ಕಣ್ಣು ಬಿಟ್ಕೊಂಡು ಕೂತೆನಲ್ಲೋ!" ಎಂದಳು. ಸಿಟ್ಟೂ ಇರಲಿಲ್ಲ ಆ ದನಿಯಲ್ಲಿ, ಬರೀ ದಣಿವು.

ಮೇಜಿಗೆ ಮರಳಿ ಚಪ್ಪಾಳೆ ತಟ್ಟಿದಳು, ಅಂಗೈ ತೋರಿಸಿದಳು, ಮುಖವನ್ನು ನೇರ ಕ್ಯಾಮೆರಾದ ಕಡೆ ಎತ್ತಿ ಕಣ್ಣು ಮುಚ್ಚಿದಳು. ಬೇಗ ತೆರೆಯಲಿಲ್ಲ. ಆಟಗಾರರು ಎಲೆಗಾಗಿ ಕಾದರು.

ಮರುದಿನ ಅವಳು ಕೋಟಿನ ಕೌಂಟರಿನಲ್ಲಿದ್ದಳು. ಅಲ್ಲಿ ಹೊಗೆಯಿಲ್ಲ. ನಾನು ಬಿಡುವಿನಲ್ಲಿ ಹೋಗಿ, "ಹೇಗಿದೆಯೇ ಕಣ್ಣು?" ಎಂದೆ.

"ಚೆನ್ನಾಗಿದೆ. ಇಲ್ಲಿ ಎಷ್ಟು ಮಿಟುಕಿಸಿದ್ರೂ ಕೇಳೋರಿಲ್ಲ."

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ. ಅವನ ಕೋಟು ಕೊಟ್ಟ ವರ್ನಾ ತನಗರಿವಿಲ್ಲದೆ ಚಪ್ಪಾಳೆ ತಟ್ಟಿ, ಅಂಗೈ ಮುಂಗೈ ತಿರುಗಿಸಿ ಮೇಲೆತ್ತಿ ತೋರಿಸಿದಳು. ಅಲ್ಲಿ ಕ್ಯಾಮೆರಾ ಇರಲಿಲ್ಲ. ಗಿರಾಕಿ ಏನೂ ತಿಳಿಯದೆ ನಕ್ಕು ಹೊರಟುಹೋದ. ಅವಳು ತನ್ನ ಕೈಗಳನ್ನೇ ನೋಡುತ್ತ ನಿಂತಳು. ಕಣ್ಣು ತುಂಬಿ ಬಂತು. ಈ ಸಲ ಅದು ಉರಿಯಲ್ಲವೆಂದು ನನಗೆ ಗೊತ್ತಿತ್ತು.