ಹಕ್ಕಿಗಡ್ಡೆಯಿಂದ ಒಂದು ಕೂಗು

ದೆವ್ವ, ಗಾಳಿ ಅಂದವರನ್ನು ನಾನು ಸುಮ್ಮನೆ ಬಿಡುತ್ತಿದ್ದವನಲ್ಲ. ‘ಅದಕ್ಕೆ ಬೇರೆ ಕೆಲಸ ಇಲ್ಲವೇ, ನಿಮ್ಮ ಮನೆಯೇ ಆಗಬೇಕೇ?’ ಎಂದು ಕಾಲೆಳೆಯುತ್ತಿದ್ದೆ. ಇದನ್ನು ಓದಿ ನೀವು ನನ್ನ ಕಾಲೆಳೆದರೆ ನನ್ನ ತಕರಾರಿಲ್ಲ.

ಎಪ್ಪತ್ತರ ದಶಕದ ಮಾತು. ನಮ್ಮೂರು ತುಂಗಭದ್ರೆಯ ದಂಡೆಯಲ್ಲಿತ್ತು. ಹರಿಗೋಲಿನಲ್ಲಿ ಹೊನ್ನಾಳಿಗೆ ಹೋಗುವಾಗ ಹೊಳೆಯ ನಡುವೆ ಒಂದು ಗಡ್ಡೆ ಸಿಗುತ್ತಿತ್ತು. ಅಲ್ಲಿ ಮನೆಯಿಲ್ಲ, ಗುಡಿಯಿಲ್ಲ. ನೀರಿಗೆ ಬೇರು ಇಳಿಬಿಟ್ಟು ನಿಂತ ಮರಗಳು, ಕೊಕ್ಕರೆ, ನೀರುನಾಯಿ ಅಷ್ಟೆ. ಸೌದೆಗೂ ಯಾರೂ ಅಲ್ಲಿ ಕಾಲಿಡುತ್ತಿರಲಿಲ್ಲ. ಹಕ್ಕಿಗಡ್ಡೆ ಎನ್ನುತ್ತಿದ್ದೆವು.

ಮಳೆಗಾಲ ಮುಗಿಯುತ್ತ ಬಂದಿತ್ತು, ಹೊಳೆ ಇನ್ನೂ ತುಂಬಿತ್ತು. ನನ್ನ ತಂಗಿ ಗಿರಿಜಾ ಜಗಳೂರು ಕಡೆಯ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಬೆಳಿಗ್ಗೆ ಶುರುವಾದ ನೋವು, ಸಂಜೆಯಾದರೂ ಹೆರಿಗೆಯಿಲ್ಲ. ‘ಕೂಸು ಅಡ್ಡ ಐತೆ. ನನ್ನ ಕೈಲಿ ಆಗಲ್ಲ, ಹೊನ್ನಾಳಿ ಆಸ್ಪತ್ರೆಗೆ ಕರ್ಕಂಡು ನಡೀರಿ’ ಎಂದಳು ಸೂಲಗಿತ್ತಿ ಅಜ್ಜಿ. ಬಸ್ಸಿಗೆ ಕಾದರೆ ಕೆಟ್ಟೆವು. ಅಂಬಿಗರ ಹನುಮಂತಣ್ಣನ ಹರಿಗೋಲಿನಲ್ಲಿ ತಂಗಿಯನ್ನು ಅಜ್ಜಿಯ ತೊಡೆಯ ಮೇಲೆ ಮಲಗಿಸಿಕೊಂಡು ಹೊರಟೆವು.

ಗಡ್ಡೆ ದಾಟುವಾಗ ಅಲ್ಲಿಂದ ಹೆಂಗಸಿನ ಕೂಗು ಕೇಳಿತು. ‘ಹರಿಗೋಲು ತರ್ರೀ...’ ದಂಡೆಯಲ್ಲಿ ನಿಂತವರು ಕರೆಯುವ ಹಾಗೆಯೇ, ಉದ್ದಕ್ಕೆ ಎಳೆದು. ಹನುಮಂತಣ್ಣ ಹುಟ್ಟು ಹಾಕಿ ಗಡ್ಡೆಯ ಕಡೆ ತಿರುಗಿಸಿದ. ನನಗೆ ರೇಗಿಹೋಯಿತು. ಇಲ್ಲಿ ತಂಗಿಯ ಜೀವ ಹೋಗುತ್ತಿದೆ, ಇವನಿಗೆ ಇನ್ನೊಬ್ಬರನ್ನು ಹತ್ತಿಸಿಕೊಳ್ಳುವ ಆಸೆ ಎಂದು ಬಾಯಿಗೆ ಬಂದಂತೆ ಬೈದೆ.

‘ಬೈರಿ. ಆದ್ರೆ ಕೂಗಿದೋರನ್ನ ಬಿಟ್ಟು ಹೋಗಾಕೆ ಆಗಲ್ರೀ’ ಎಂದ. ‘ನಮ್ಮಪ್ಪನೂ ಬಿಟ್ಟು ಹೋದೋನಲ್ಲ.’

ಗಡ್ಡೆಯ ಅಂಚಿನಲ್ಲಿ ಯಾರೂ ಇರಲಿಲ್ಲ. ಹಕ್ಕಿಗಳು ಗೂಡು ಸೇರುವ ಹೊತ್ತು; ಮರ ತುಂಬ ಕೂತಿದ್ದರೂ ಒಂದೂ ಸದ್ದು ಮಾಡಲಿಲ್ಲ. ಹನುಮಂತಣ್ಣ ಹರಿಗೋಲನ್ನು ಬೇರಿಗೆ ತಾಗಿಸಿ ನಿಲ್ಲಿಸಿ, ‘ಚೂರು ಸರೀರಿ, ಕುಂದ್ರಲಿ’ ಎಂದ. ನಾನು ಸರಿದು ಜಾಗ ಬಿಟ್ಟೆ. ಹರಿಗೋಲು ಆ ಬದಿಗೆ ವಾಲಿ ನೀರಿಗೆ ಇಳಿಯಿತು. ಒಬ್ಬರು ಹತ್ತಿದರೆ ಹೇಗೆ ಇಳಿಯುತ್ತದೋ ಹಾಗೆಯೇ.

ಅಲ್ಲಿಂದ ಮುಂದೆ ಗಿರಿಜಾ ನರಳಲಿಲ್ಲ. ನನಗೆ ಅದೇ ಹೆಚ್ಚು ಭಯ. ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ, ಉಸಿರಿತ್ತು. ಹೊನ್ನಾಳಿ ದಂಡೆ ಮುಟ್ಟಿದಾಗ, ನಾವು ಯಾರೂ ಏಳುವ ಮೊದಲೇ ಹರಿಗೋಲು ಹಗುರಾಗಿ ಮೇಲೆದ್ದಿತು. ಹನುಮಂತಣ್ಣ ದಂಡೆಯ ಖಾಲಿ ಮೆಟ್ಟಿಲುಗಳ ಕಡೆಗೆ ಕೈ ಮುಗಿದ. ಆಸ್ಪತ್ರೆಯಲ್ಲಿ ಡಾಕ್ಟರು, ಕೂಸು ಅಡ್ಡವೇನೂ ಇಲ್ಲ, ಸರಿಯಾಗಿಯೇ ಇದೆ ಎಂದರು. ಸ್ವಲ್ಪ ಹೊತ್ತಿಗೇ ಹೆಣ್ಣು ಕೂಸು ಹುಟ್ಟಿತು. ಇಬ್ಬರೂ ಉಳಿದರು.

ಹೊಳೆಯ ಸೆಳೆತಕ್ಕೆ ಹರಿಗೋಲು ವಾಲಿರಬಹುದು, ಅಜ್ಜಿಗೆ ಕೈಯಂದಾಜು ತಪ್ಪಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಕೂಸು ಸುಮಾ ಬೆಳೆದಳು. ಈ ಸಂಗತಿ ಅವಳ ಕಿವಿಗೆ ಬೀಳದಂತೆ ನೋಡಿಕೊಂಡೆವು.

ಎಂಬತ್ತರ ದಶಕದಲ್ಲಿ ಅರಣ್ಯ ಇಲಾಖೆಯವರು ಗಡ್ಡೆಯನ್ನು ರಕ್ಷಿತ ಜಾಗ ಮಾಡಿ, ಯಾರೂ ಇಳಿಯಬಾರದೆಂದು ಬೋರ್ಡು ನೆಟ್ಟು, ಹಕ್ಕಿ ನೋಡುವವರಿಗೆ ಮೋಟಾರು ದೋಣಿ ಬಿಟ್ಟರು. ಹರಿಗೋಲುಗಳು ಮೂಲೆ ಸೇರಿದವು. ಹನುಮಂತಣ್ಣ ತೀರಿಕೊಂಡಿದ್ದ. ರಜೆಗೆ ಬಂದ ಸುಮಾಳನ್ನು ಒಂದು ಸಂಜೆ ದೋಣಿಯಲ್ಲಿ ಕರೆದುಕೊಂಡು ಹೋದೆ. ಗಡ್ಡೆ ಸುತ್ತಿ ವಾಪಸಾಗುವಾಗ ಅವಳು ನನ್ನ ಅಂಗಿ ಜಗ್ಗಿದಳು.

‘ಮಾಮ, ಹರಿಗೋಲು ಅಂದ್ರೇನು? ಅಲ್ಲಿ ಯಾರೋ ಹರಿಗೋಲು ತರ್ರೀ ಅಂತ ಕೂಗ್ತಾರೆ.’

ಮೋಟಾರಿನ ಸದ್ದಿನಲ್ಲಿ ನನಗೇನೂ ಕೇಳಲಿಲ್ಲ. ನಿಲ್ಲಿಸಪ್ಪ ಎಂದು ದೋಣಿಯವನಿಗೆ ಕೈ ಮಾಡಿದೆ. ಅವನು ಬೋರ್ಡು ತೋರಿಸಿ ಮುಂದೆ ಹೋದ. ಸುಮಾ ಹಿಂದಕ್ಕೆ ತಿರುಗಿ ಬಹಳ ಹೊತ್ತು ನೋಡಿದಳು. ಆಮೇಲೆ ಹಲಗೆಯ ಮೇಲೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ನನ್ನ ಕಡೆಗೆ ಸರಿದು ಕುಳಿತಳು.

ಅಂದು ಹೊನ್ನಾಳಿಯಲ್ಲಿ ಇಳಿದುಹೋದವರು ಯಾರು, ಇನ್ನೂ ಗಡ್ಡೆಯಲ್ಲಿ ಕಾಯುತ್ತಿರುವವರು ಯಾರು, ನನಗೆ ಗೊತ್ತಿಲ್ಲ. ದೋಣಿಯಲ್ಲಿ ನೀನು ಯಾಕೆ ಸರಿದೆ ಎಂದು ಸುಮಾಳನ್ನು ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.