ಬ್ರೇಕಿಗೆ ಬಿಳಿ ಟೇಪು

ನಮ್ಮ ಮನೆಯ ಯಾವ ನಲ್ಲಿಯನ್ನು ಬಿಚ್ಚಿದರೂ ಒಳಗೆ ಬಿಳಿ ಟೇಪು ಸಿಗುತ್ತದೆ. ನಮ್ಮವರು ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಪೈಪ್ ಫಿಟ್ಟರ್ ಆಗಿದ್ದವರು. ಪೈಪಿನ ತುದಿಯ ತಿರುಪಿನ ಸುತ್ತು, ಅಂದರೆ ಥ್ರೆಡ್, ಎಷ್ಟೇ ಸವೆದಿರಲಿ, ನಾಲ್ಕು ಸುತ್ತು ಟೇಪು ಸುತ್ತಿ ತಿರುಗಿಸಿದರೆ ಮತ್ತೆ ಸೋರುವುದಿಲ್ಲ ಎಂಬುದು ಅವರ ನಂಬಿಕೆ. ಸ್ಕ್ರೂ ಸಡಿಲವಾದ ಕುಕ್ಕರಿನ ಹಿಡಿಗೂ ಟೇಪು, ಅಲುಗಾಡುವ ಕೊಡೆಯ ಹಿಡಿಗೂ ಟೇಪು. ನಿವೃತ್ತಿಯಾದ ಮೇಲೂ ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತದೋ ಇಲ್ಲವೋ, ಟೇಪಿನ ಉರುಳೆಯಂತೂ ಇದ್ದೇ ಇರುತ್ತದೆ.

ಐವತ್ತು ದಾಟಿದ ಮೇಲೆ ನಾನು ಕಾರು ಕಲಿತೆ. ಲೈಸೆನ್ಸೂ ಬಂತು. ಆದರೆ ಒಬ್ಬಳೇ ಗಾಡಿಯನ್ನು ಗೇಟಿನಿಂದ ಆಚೆ ತೆಗೆದದ್ದಿಲ್ಲ. ನಾನು ಸ್ಟೀರಿಂಗ್ ಹಿಡಿದರೆ ನಮ್ಮವರು ಪಕ್ಕದಲ್ಲಿ ಕೂತು ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಡುತ್ತಿದ್ದರು. ಮನೆ ಬಿಟ್ಟಾಗ ಇಟ್ಟ ಕೈ ಮನೆ ಮುಟ್ಟುವವರೆಗೂ ಅಲ್ಲೇ. ಒಂದು ದಿನವಾದರೂ ಎಳೆದಿದ್ದರೆ ಬೇರೆ ಮಾತು. ಎಳೆದದ್ದಿಲ್ಲ, ತೆಗೆದದ್ದೂ ಇಲ್ಲ. ಆ ಕೈ ಕಂಡರೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಹಳಿಯಾಳದ ಆಚೆ ತೇರಗಾಂವದಲ್ಲಿ ನನ್ನ ಅಕ್ಕ ಇದ್ದಾಳೆ. ಮೊಣಕಾಲಿನ ಆಪರೇಷನ್ ಆದಮೇಲೆ ಬಸ್ಸಿನ ಮೆಟ್ಟಿಲು ಹತ್ತುವುದು ಅವಳಿಂದ ಆಗುತ್ತಿರಲಿಲ್ಲ. ಕಬ್ಬು ಕಡಿಯುವ ಕಾಲ, ಮನೆಯ ಗಂಡಸರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಅವಳು ಅಂಗಳ ದಾಟಿ ಎಷ್ಟೋ ತಿಂಗಳಾಗಿತ್ತು. "ಶನಿವಾರ ನಾನ ಬಂದು ಕರಕೊಂಡ ಹೋಗ್ತೇನಿ, ಒಬ್ಬಾಕಿನ ಬರ್ತೇನಿ" ಎಂದು ಫೋನಿನಲ್ಲಿ ಹೇಳಿಬಿಟ್ಟೆ. ಅಕ್ಕ ಅವತ್ತೇ ನಾಲ್ಕು ಸೀರೆ ಮಡಚಿ ಚೀಲಕ್ಕೆ ಹಾಕಿ ಇಟ್ಟಳಂತೆ.

ಇದನ್ನು ಕೇಳಿದ ನಮ್ಮವರು ಎರಡು ಸಲ ಗಾಡಿಯ ಸುತ್ತ ತಿರುಗಿ ಬಂದರು. ಶುಕ್ರವಾರ ಬೆಳಿಗ್ಗೆ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, "ಬ್ರೇಕ್ ಪ್ಯಾಡ್ ಸವದಾವು. ಹೊಸಾವು ಹಾಕೇ ಕೊಡ್ತೇನಿ" ಎಂದರು. ಗ್ಯಾರೇಜಿಗೆ ಒಯ್ಯುವ ಮಾತು ನಮ್ಮ ಮನೆಯಲ್ಲಿ ಆಡುವಂತಿಲ್ಲ. ಜಾಕು ಏರಿಸಿ, ಕೆಳಗೆ ಕಟ್ಟಿಗೆಯ ದಿಮ್ಮಿ ಕೊಟ್ಟು, ಚಕ್ರ ಕಳಚಿದರು. ಪ್ಯಾಡುಗಳನ್ನು ಹಿಡಿದಿಡುವ ಕಬ್ಬಿಣದ ಗಡ್ಡೆಯನ್ನು ಮೇಲೆತ್ತಿ ಹಳೆಯ ಪ್ಯಾಡು ತೆಗೆದು ಹೊಸದನ್ನು ಕೂರಿಸಿದರು. ಇನ್ನು ಆ ಗಡ್ಡೆಯನ್ನು ಇಳಿಸಿ, ಅದರ ಪಿನ್ನಿಗೆ ಒಂದು ಬೋಲ್ಟು ಹಾಕಿ ಬಿಗಿದರೆ ಮುಗಿಯಿತು.

ಬೋಲ್ಟು ಹಾಕುವಾಗ ಅವರು ನನಗೆ ಪಾಠ ಹೇಳುತ್ತಿದ್ದರು. ರಬ್ಬರ್ ದೋಣಿ ಹತ್ತಿ ನದಿಯಲ್ಲಿ ತೇಲಲು ಬರುವ ಪ್ರವಾಸಿಗರು ಜೀಪನ್ನು ಹೇಗೆ ಹುಚ್ಚರಂತೆ ಹೊಡೆಯುತ್ತಾರೆ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಎಷ್ಟು ದೂರ ಇರಬೇಕು. ಕಣ್ಣು ನನ್ನ ಮೇಲೆ, ಕೈ ಬೋಲ್ಟಿನ ಮೇಲೆ. ಬೋಲ್ಟು ಸೊಟ್ಟಗೆ ಕೂತದ್ದು ಅವರಿಗೆ ಗೊತ್ತಾಗಲಿಲ್ಲ. ತಿರುಗುವುದು ಬಿಗಿಯಾದಾಗ ಕಸ ಸಿಕ್ಕಿದೆ ಅಂದುಕೊಂಡು, ಕಾರ್ಖಾನೆಯ ರೂಢಿಯಂತೆ ಬೋಲ್ಟು ಬಿಗಿಯುವ ಪಾನಾದ ಹಿಡಿಗೆ ಪೈಪು ತುರುಕಿ ಜಗ್ಗಿದರು. ಕರ್ ಎಂದು ಒಂದು ಸದ್ದಾಯಿತು, ಮಾತು ನಿಂತಿತು.

"ಏನಾತ್ರಿ?"

"ಏನಿಲ್ಲ. ಥ್ರೆಡ್ ಸ್ವಲ್ಪ ಕೆಟ್ಟೈತಿ."

ಬೋಲ್ಟು ಹೊರಗೆ ತೆಗೆದಾಗ ಅದರ ಸುತ್ತುಗಳು ಒಂದರ ಮೇಲೊಂದು ಬಿದ್ದು ನುಜ್ಜಾಗಿದ್ದವು. ಅವರ ಕೈ ಅಂಗಿಯ ಜೇಬಿಗೆ ಹೋಯಿತು. ನಾನು ಅಂದುಕೊಂಡದ್ದೇ ಆಯಿತು. ಟೇಪು ಸುತ್ತಿದರು, ಬೋಲ್ಟು ಹಾಕಿದರು, ಅಲುಗಾಡಿಸಿ ತೋರಿಸಿದರು. "ನೋಡು, ಹೆಂಗ ಕುಂತೈತಿ."

"ನಲ್ಲಿ ಸೋರಿದ್ರ ಕೆಳಗ ಬಕೀಟ ಇಡ್ತೀವ್ರಿ. ಇದು ಸಡ್ಲಾದ್ರ ಕೆಳಗ ಏನ ಇಡೂದು?"

"ಹಂಗಾರ ನೀ ಹೊಡೀಬ್ಯಾಡ. ನಾ ಹೊಡೀತೇನಿ, ನೀ ಬಾಜೂಕ ಕುಂಡ್ರು. ಸಾವಕಾಶ ಹೋಗಿ ಬರೂಣು."

ಇದೇ, ಇದಕ್ಕೇ ಇಷ್ಟೆಲ್ಲ ಆಯಿತು ಅನ್ನಿಸಿತು ನನಗೆ. "ಬೇಕಂತನ ಕೆಡಿಸೀರಿ ನೀವು" ಅಂದೆ. ಜೀವನವಿಡೀ ಪಾನಾ ಹಿಡಿದ ಮನುಷ್ಯನಿಗೆ ಆಡುವ ಮಾತಲ್ಲ ಅದು. ಅವರ ಕಿವಿ ಕೆಂಪಗಾದವು. ನನಗೆ ಆಗ ಅಯ್ಯೋ ಅನ್ನಿಸಲಿಲ್ಲ. ಒಳಗೆ ಹೋಗಿ, ಬರಲಾಗುವುದಿಲ್ಲ ಎಂದು ಅಕ್ಕನಿಗೆ ಹೇಳಲು ಫೋನು ಕೈಗೆತ್ತಿಕೊಂಡೆ. ಆ ನಾಲ್ಕು ಸೀರೆ ನೆನಪಾದವು. ನಂಬರು ಒತ್ತಲು ಮನಸ್ಸಾಗದೆ ಫೋನು ಹಾಗೇ ಹಿಡಿದುಕೊಂಡು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತೆ.

ಹೊರಗೆ ಅವರು ಬೋಲ್ಟನ್ನು ಮತ್ತೆ ಬಿಚ್ಚುತ್ತಿದ್ದರು. ಸುತ್ತಿದ ಟೇಪನ್ನು ಉಗುರಿನಿಂದ ಎಬ್ಬಿಸಿ, ಬಿಡಿಸಿ, ಬಿಸಿಲಿಗೆ ಹಿಡಿದರು. ಬಿಳಿ ಟೇಪಿನ ತುಂಬ ಕಬ್ಬಿಣದ ಚೂರುಗಳು ಮಿನುಗುತ್ತಿದ್ದವು. ಬೆರಳಿನಿಂದ ಒಂದೊಂದನ್ನೇ ಒತ್ತಿ ನೋಡಿದರು. ಆಮೇಲೆ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು.

"ಥ್ರೆಡ್ಡೆಲ್ಲ ಟೇಪಿಗೆ ಹತ್ತಿ ಬಂದಾವು. ನಿಲ್ಲೂದಿಲ್ಲ ಇದು. ನಾ ಹೊಡದ್ರೂ ನಿಲ್ಲೂದಿಲ್ಲ."

ಅಷ್ಟು ಹೇಳಿ, ಪಿನ್ನನ್ನೂ ಬೋಲ್ಟನ್ನೂ ಪೇಪರಿನಲ್ಲಿ ಸುತ್ತಿಕೊಂಡು ಹೊರಟರು. ದಾಂಡೇಲಿಯ ಅಂಗಡಿಗಳಲ್ಲಿ ನಮ್ಮ ಹಳೆಯ ಗಾಡಿಯ ಸಾಮಾನು ಸಿಗಲಿಲ್ಲ. ಬಸ್ಸು ಹತ್ತಿ ಹಳಿಯಾಳಕ್ಕೆ ಹೋದರು. ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ಮುಚ್ಚಿಟ್ಟ ಅವರ ತಾಟು ನೋಡಿದಾಗ ನನ್ನ ಸಿಟ್ಟು ಅರ್ಧಕ್ಕೆ ಇಳಿದಿತ್ತು.

ಹೊತ್ತು ಇಳಿಯುವಾಗ ಹೊಸ ಪಿನ್ನು, ಹೊಸ ಬೋಲ್ಟು ಹಿಡಿದು ಬಂದರು. ಚಹಾ ಕುಡಿದವರೇ, "ಬಾ ಇಲ್ಲೆ. ಬೋಲ್ಟ್ ನೀನ ಹಾಕು" ಎಂದರು.

"ನಾನ್ಯಾಕ್ರಿ?"

"ನನ್ನ ಕೈಗೆ ದೊಡ್ಡ ಪೈಪಿನ ರೂಢಿ. ಸಣ್ಣದು ತಡದ್ರ ತಿಳಿಯೂದಿಲ್ಲ. ಪಾನಾ ಮುಟ್ಟಬ್ಯಾಡ, ಬೆರಳಿಲೆ ಹಾಕು. ಮೊದಲ ಉಲ್ಟಾ ತಿರುಗಸು."

ಉಲ್ಟಾ ತಿರುಗಿಸಿದೆ. ಬೆರಳ ತುದಿಗೆ ಟಕ್ ಎಂದು ಏನೋ ಇಳಿದು ಕೂತಂತಾಯಿತು.

"ಕುಂತೈತಿಲ್ಲೊ? ಈಗ ಸೀದಾ ತಿರುಗಸು. ತಡದ್ರ ನಿಲ್ಲು, ಜಬರ್ದಸ್ತಿ ಮಾಡಬ್ಯಾಡ."

ಎಲ್ಲೂ ತಡೆಯಲಿಲ್ಲ. ಡಬ್ಬಿಯ ಮುಚ್ಚಳ ತಿರುಗಿದಂತೆ ಕೊನೆಯವರೆಗೆ ಹೋಯಿತು. ಕಡೆಗೆ ಅವರು ಪಾನಾ ಹಾಕಿ, ಪೈಪು ಇಲ್ಲದೆ, ಬಿಗಿದರು. ನಾನು ಒಳಗೆ ಕೂತು ಪೆಡಲು ಗಟ್ಟಿಯಾಗುವವರೆಗೆ ತುಳಿದೆ. ಕೋಗಿಲಬನದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ, ಬ್ರೇಕು ಹಾಕಿ ಹಾಕಿ ನೋಡಿ ಬಂದೆವು. ಆಗಲೂ ಅವರ ಕೈ ಹ್ಯಾಂಡ್‌ಬ್ರೇಕಿನ ಮೇಲೇ ಇತ್ತು.

ಶನಿವಾರ ಒಬ್ಬಳೇ ಹೊರಟೆ. ಪಕ್ಕದ ಸೀಟು ಖಾಲಿ. ಮೊದಮೊದಲು ಎರಡನೇ ಗೇರು ದಾಟಲಿಲ್ಲ. ಕಾಡು ಮುಗಿದು ಹೊಲಗಳು ಬಂದ ಮೇಲೆ ಅಂಜಿಕೆ ಹೋಯಿತು. ಹಳಿಯಾಳ ದಾಟಿದ ಮೇಲೆ ಮುಂದಿದ್ದ ಕಬ್ಬಿನ ಟ್ರ್ಯಾಕ್ಟರು ಒಮ್ಮೆಲೇ ನಿಂತಿತು. ತುಳಿದೆ. ಗಾಡಿ ನಿಂತಿತು, ಟ್ರ್ಯಾಕ್ಟರಿನ ಹಿಂದೆ ಇನ್ನೂ ಒಂದು ಎತ್ತಿನಗಾಡಿ ಹಿಡಿಸುವಷ್ಟು ಜಾಗ ಉಳಿಸಿ. ನಾನು ಕೈಯಾರೆ ಹಾಕಿದ ಬೋಲ್ಟು ಅಲ್ಲಿ ಕೂತಿದೆ ಅನ್ನಿಸಿ ಒಬ್ಬಳೇ ನಕ್ಕೆ.

ಅಕ್ಕ ಅಂಗಳದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಕಾರಿನೊಳಗೆ ಬಗ್ಗಿ ನೋಡಿ, "ನಿಮ್ಮವರೆಲ್ಲೆ?" ಎಂದಳು.

"ಮನ್ಯಾಗ."

"ಖರೇನ ಒಬ್ಬಾಕಿನ ಬಂದೀಯೇನ?" ನನ್ನ ಕೈ ಹಿಡಿದಳು, ಉಗುರುಗಳಲ್ಲಿನ ಕಪ್ಪು ಗ್ರೀಸು ಕಂಡು ಬಿಟ್ಟಳು, ಮತ್ತೆ ಹಿಡಿದಳು. ಇಬ್ಬರಿಗೂ ಅಳು ಬಂತು.

ವಾಪಸು ಬಂದಾಗ ನಮ್ಮವರು ಗೇಟಿನಲ್ಲೇ ನಿಂತಿದ್ದರು. ಅಕ್ಕನನ್ನು "ಬರ್ರಿ ಬರ್ರಿ" ಎಂದು ಕೈಹಿಡಿದು ಇಳಿಸಿ ಕೂರಿಸಿದವರೇ ಚಕ್ರದ ಹತ್ತಿರ ಹೋಗಿ, ಹಿಂದೆ ಬೆರಳು ತೂರಿಸಿ ಬೋಲ್ಟು ಮುಟ್ಟಿ ನೋಡಿದರು. "ಬಿಸಿ ಐತಿ. ಅಲುಗಾಡಿಲ್ಲ" ಅಂದರು.

ಮರುದಿನ ಭಾನುವಾರ, ಸಂತೆ. ಅಕ್ಕನಿಗೂ ಸಂತೆ ನೋಡುವ ಆಸೆ. ಅವಳನ್ನು ಹಿಂದೆ ಕೂರಿಸಿ ನಾನು ಸ್ಟೀರಿಂಗ್ ಹಿಡಿದೆ, ನಮ್ಮವರು ಸಂತೆಯ ಚೀಲ ಹಿಡಿದು ಪಕ್ಕದಲ್ಲಿ ಕೂತರು. ಹ್ಯಾಂಡ್‌ಬ್ರೇಕು ಇಳಿಸಿ, ಆ ಕೈ ಬರುತ್ತದೆಂದು ಕಾದೆ. ಬರಲಿಲ್ಲ. ಚೀಲ ಅವರ ತೊಡೆಯ ಮೇಲಿತ್ತು, ಎರಡೂ ಕೈ ಚೀಲದ ಮೇಲಿದ್ದವು.

ಇಳಿಜಾರಿನಲ್ಲಿ ಪ್ರವಾಸಿಗರ ಜೀಪೊಂದು ಭರ್ರನೆ ಅಡ್ಡ ಬಂತು. ನಾನು ಬ್ರೇಕು ತುಳಿದೆ. ಓರೆಗಣ್ಣಿನಲ್ಲಿ ನೋಡಿದರೆ, ಅವರು ಚೀಲದ ಬಾಯಿಯನ್ನು ಹಿಂಡಿ ಹಿಡಿದಿದ್ದರು, ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಕೈ ಮಾತ್ರ ಚೀಲ ಬಿಟ್ಟು ಬರಲಿಲ್ಲ.